ಗುರುತಿಲ್ಲದ ಊರು

“ಗಂಡನಿಗೂ ಇಂಜೆಕ್ಷನ್ ಆಗಬೇಕು,” ಎಂದು ಡಾಕ್ಟರಮ್ಮ ಅಂದದ್ದೇ ತಡ, ಊರಾಚೆಯ ಆನಗೋಡಿನಲ್ಲಿ ನಿಂತರೂ ಕಾಣುವಂತಿದ್ದ ಕೊಟ್ರೇಶನ ಮೀಸೆ ದಾವಣಗೆರೆಯ ಆ ದವಾಖಾನೆಯೊಳಗೇ ಮಾಯವಾಗಿಬಿಟ್ಟಿತು.

“ನನಗ್ಯಾಕ್ರಿ ಮೇಡಂ? ಬಟ್ಟೆ ಖರೀದಿಗೆ ಮುಂಬೈಗೆ ನೂರು ಸಲ ಹೋಗಿ ಬಂದೀನಿ, ಒಂದು ಸೀನೂ ಬಂದಿಲ್ಲ.”

“ಇದು ಸೀನಲ್ಲ, ಸಿಫಿಲಿಸ್. ಗಂಡ ಹೆಂಡತಿ ನಡುವೆ ದಾಟುತ್ತೆ, ತಾಯಿಯಿಂದ ಹೊಟ್ಟೆಯ ಕೂಸಿಗೂ ದಾಟುತ್ತೆ. ಹಿಂದಿನ ಎರಡು ಕೂಸು ಏಳು ತಿಂಗಳಿಗೆ ಒಳಗೇ ತೀರಿಹೋಗಿದ್ದು ಇದರಿಂದಲೇ ಇರಬೇಕು. ಈಗಿನ್ನೂ ನಾಲ್ಕು ತಿಂಗಳು. ಬೇಗ ಇಂಜೆಕ್ಷನ್ ಬಿದ್ದರೆ ಇದನ್ನು ಉಳಿಸಬಹುದು.”

ಹೆಂಡತಿ ರೇಖಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ನಾಳೆ ಬರ್ತೀವ್ರಿ,” ಎಂದ ಕೊಟ್ರೇಶ್, ಅವಳನ್ನು ಎಬ್ಬಿಸಿಕೊಂಡು ಹೊರಟ.

ನಿಟ್ಟುವಳ್ಳಿಯ ಮನೆಯಲ್ಲಿ ತಾಯಿ ಮರುಳಸಿದ್ದಮ್ಮ ಬಾಗಿಲಲ್ಲೇ ಕಾದಿದ್ದಳು. ಅಷ್ಟು ದೊಡ್ಡ ಸುದ್ದಿಯನ್ನು ಕೊಟ್ರೇಶ್ ಸಾಸಿವೆಯಷ್ಟು ಮಾಡಿ ಒಪ್ಪಿಸಿದ: “ಇವಳ ರಕ್ತ ಕೆಟ್ಟೈತಂತವ್ವ, ಸೂಜಿ ಹಾಕಿಸಬೇಕಂತ.”

“ನಾ ಹೇಳಿರಲಿಲ್ವಾ? ಇದೂ ನಿಲ್ಲಲಿಲ್ಲ ಅಂದ್ರೆ ಬೇರೆ ಹೆಣ್ಣು ತರ್ತೀನಿ, ನೋಡಿ ಇಟ್ಟೀನಿ. ಸೂಜಿ ಮಾತ್ರ ಈ ಊರಾಗ ಬ್ಯಾಡ. ಸಂಜೆಯೊಳಗೆ ನಿಟ್ಟುವಳ್ಳಿ ಪೂರಾ ಮಾತಾಡ್ತೈತೆ. ಹರಿಹರಕ್ಕೆ ಹೋಗಾಣ. ಅಲ್ಲಿ ನಮ್ಮ ಗುರುತು ಯಾರಿಗೂ ಇಲ್ಲ.”

“ಹರಿಹರ ಬ್ಯಾಡವ್ವ! ಹುಬ್ಬಳ್ಳಿಗೆ ಹೋಗಾಣ!”

“ಬಸುರಿ ಹೆಂಗಸನ್ನ ಹುಬ್ಬಳ್ಳಿ ತನಕ ಕುಲುಕಾಡಿಸ್ತೀಯಾ? ತಲೆ ಐತೇನೋ ನಿಂಗೆ?”

ಮರುದಿನ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಆಟೋದವನು ಮೂವರನ್ನೂ ಒಮ್ಮೆ ನೋಡಿದ. “ದಾವಣಗೆರೆಯೋರಾ? ಹತ್ರಿ,” ಎಂದವನು ಎಲ್ಲಿಗೆಂದೂ ಕೇಳದೆ ಒಂದು ಸಂದಿಯ ಹಳೇ ದವಾಖಾನೆಯ ಮುಂದೆ ಇಳಿಸಿದ. ದಾವಣಗೆರೆಯ ಗುಟ್ಟಿನ ರೋಗವೆಲ್ಲ ಹರಿಹರದಲ್ಲಿ, ಹರಿಹರದ್ದೆಲ್ಲ ದಾವಣಗೆರೆಯಲ್ಲಿ ವಾಸಿಯಾಗುತ್ತಿದ್ದ ಕಾಲ ಅದು. ಒಳಗಿನ ಬೆಂಚಿನ ಮೇಲೆ ಅರ್ಧ ದಾವಣಗೆರೆಯೇ ಮುಖಕ್ಕೆ ಪೇಪರ್ ಹಿಡಿದು ಕೂತಿತ್ತು. ಕೊಟ್ರೇಶನ ಮೈಯಿಂದ ಇಳಿದ ಬೆವರಿಗೆ ತುಂಗಭದ್ರೆ ಒಂದಡಿ ಏರಿರಬೇಕು.

“ಅರೆ, ಕೊಟ್ರೇಶಣ್ಣ! ಬರ್ರಿ, ಕೂಡ್ರಿ!” ಕಾಂಪೌಂಡರ್ ಹಿದಾಯತ್ ಎದ್ದೇ ನಿಂತ. “ಅಂತೂ ಮನೆಯೋರನ್ನ ಕರಕೊಂಡು ಬಂದ್ರಲ್ಲ! ಡಾಕ್ಟರು ಆಗಾಗ ಕೇಳ್ತಾನೇ ಇದ್ರು.”

ಬೆಂಚಿನ ಪೇಪರುಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಹಿದಾಯತ್ ಬೀರುವಿನಿಂದ ಹಳದಿಗಟ್ಟಿದ ಕಾರ್ಡೊಂದನ್ನು ಎಳೆದು, ಊದಿ ಧೂಳು ಹಾರಿಸಿ, ಮೇಜಿನ ಮೇಲಿಟ್ಟ. ಕೊಟ್ರೇಶ್ ಕೈ ಚಾಚುವಷ್ಟರಲ್ಲಿ ರೇಖಾ ಅದನ್ನು ಎತ್ತಿಕೊಂಡಾಗಿತ್ತು.

“ಏನಂತ ಬರೆದೈತೆ? ಜೋರಾಗಿ ಓದು,” ಎಂದಳು ಮರುಳಸಿದ್ದಮ್ಮ.

ರೇಖಾ ಓದಿದಳು. “ಕೊಟ್ರೇಶ್, ನಿಟ್ಟುವಳ್ಳಿ. ಸಿಫಿಲಿಸ್. ಇಂಜೆಕ್ಷನ್ ಕೊಡಲಾಗಿದೆ. ತಾರೀಖು...” ಕಾರ್ಡನ್ನು ಕಣ್ಣ ಹತ್ತಿರ ತಂದಳು. “ತೊಂಬತ್ತೈದು, ಮೇ. ನಮ್ಮ ಮದುವೆ ಆದ ತಿಂಗಳು. ಕೆಳಗೆ ಕೆಂಪು ಇಂಕಿನಾಗ ಐತೆ: ‘ಹೆಂಡತಿಯನ್ನು ತಪ್ಪದೆ ಕರೆತರಬೇಕು.’”

ಮೂರು ವರ್ಷ, ಎರಡು ಕೂಸು. ಕೊಟ್ರೇಶ್ ಗೋಡೆಯ ಕ್ಯಾಲೆಂಡರನ್ನು ಜನ್ಮದಲ್ಲೇ ನೋಡಿಲ್ಲದವನಂತೆ ನೋಡತೊಡಗಿದ. ರೇಖಾ ಕಾರ್ಡನ್ನು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡು, “ಮೊದಲು ನನಗೆ ಹಾಕ್ರಿ,” ಎಂದು ಪರದೆಯ ಹಿಂದೆ ಹೋದಳು.

ಮರುಳಸಿದ್ದಮ್ಮ ಮಗನ ಮುಖ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ದನಿ ಎತ್ತಿದಳು:

“ಅಲ್ಲವೇ ರೇಖಾ, ಡಾಕ್ಟರು ಮೂರು ವರ್ಷದಿಂದ ಕರೀತಿದ್ರೂ ನೀ ಯಾಕ ಬರಲಿಲ್ಲ?”