ಕೊನೆಯ ಏಳು ನಿಮಿಷ

"ಮೂರೂ ಕೊಡಿ," ಎಂದ ವೆಂಡೆಲ್.

ವೀಡಿಯೊ ಅಂಗಡಿಯ ಆಲ್ಮಾ ಕನ್ನಡಕದ ಮೇಲಿನಿಂದ ನೋಡಿದಳು. "ಏನಪ್ಪಾ, ಒಂದೇ ಸಿನಿಮಾದ ಮೂರು ಕ್ಯಾಸೆಟ್ಟು! ನಿಮ್ಮನೇಲಿ ಎಷ್ಟು ಟೀವಿ ಇವೆ?"

"ಮನೇಲಿ ಕೊರಿನ್‌ಗೆ ಇಷ್ಟ."

"ಅವಳೊಬ್ಬಳಿಗಾ? ಬೆಳಗ್ಗಿಂದ ಊರಿನ ಹುಡುಗೀರೆಲ್ಲ ಫೋನ್ ಮಾಡಿ ನನ್ನ ತಲೆ ತಿಂತಿದ್ದಾರೆ. ಮೊದಲು ಬಂದೋನು ನೀನು, ತಗೊಂಡು ಹೋಗು. ಶಾಪ ಹಾಕಿದ್ರೆ ನಿಂಗೇ ಹಾಕ್ಲಿ."

ವೆಂಡೆಲ್ ಕ್ಯಾಸೆಟ್‌ಗಳನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು ಹೊರಬಿದ್ದ. ಅವನ್ನು ಟ್ರಕ್ಕಿನ ಸೀಟಿನಡಿ ಬಚ್ಚಿಟ್ಟ.

'ಜೂನ್ ತಿಂಗಳ ಬಸ್ಸು' ಎಂಬ ಆ ಸಿನಿಮಾ ನೆಬ್ರಾಸ್ಕಾದ ಆ ಸಣ್ಣ ಊರಿಗೆ ಬಂದದ್ದು ಹಿಂದಿನ ವರ್ಷ, ಎಂಬತ್ತಾರರ ಆಗಸ್ಟಿನಲ್ಲಿ. ಆ ಹೊತ್ತಿಗೆ ದೊಡ್ಡ ಊರುಗಳಲ್ಲಿ ಓಡಿ ಓಡಿ ಪ್ರಿಂಟು ಸವೆದಿತ್ತು. ಊರಲ್ಲಿದ್ದದ್ದು ಕಾರಿನಲ್ಲೇ ಕೂತು ನೋಡುವ ಬಯಲು ಚಿತ್ರಮಂದಿರ. ಚಿತ್ರದ ಕತೆ ಇಷ್ಟೇ: ಪೆಟ್ರೋಲ್ ಬಂಕಿನ ಹುಡುಗ, ವಕೀಲರ ಮಗಳು. ಕಾಲೇಜಿಗೆ ಹೊರಟ ಹುಡುಗಿ ಬಸ್ಸಿನಿಂದಿಳಿದು ಓಡಿಬಂದು ಅವನನ್ನು ತಬ್ಬಿಕೊಳ್ಳುತ್ತಾಳೆ, ಶುಭಂ. ಊರಿನ ಹುಡುಗಿಯರಿಗೆ ಹುಚ್ಚೇ ಹಿಡಿಯಿತು. ಮೂರು ವಾರ ದಿನಾ ಬಂದರು. ಅವಳಂತೆಯೇ ನೀಲಿ ಸ್ಕಾರ್ಫ್ ಕಟ್ಟಿಕೊಂಡರು. ಅವಳು ಬಸ್ಸಿಳಿಯುವಾಗ ಎಲ್ಲ ಕಾರುಗಳೂ ಒಟ್ಟಿಗೆ ಹಾರ್ನ್ ಹೊಡೆಯುವುದು ಒಂದು ಪದ್ಧತಿಯೇ ಆಗಿಹೋಯಿತು.

ಆದರೆ ಅದು ಚಿತ್ರದ ಕೊನೆಯಲ್ಲ. ವೆಂಡೆಲ್‌ಗೆ ಅದು ಚೆನ್ನಾಗಿ ಗೊತ್ತು. ಕೊನೆಯನ್ನು ಕತ್ತರಿಸಿದವನೇ ಅವನು.

ಆ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವವನು ಅವನು. ಡಬ್ಬಿಗಳಲ್ಲಿ ಬಿಡಿಬಿಡಿಯಾಗಿ ಬರುವ ರೀಲುಗಳನ್ನು ಅಂಟಿಸಿ ಒಂದು ಮಾಡುವುದು ಅವನ ಕೆಲಸ. ಚಿತ್ರ ಬರುವ ಹಿಂದಿನ ದಿನ, ಜುಲೈ ಪೂರ್ತಿ ಓಮಾಹಾದ ಚಿಕ್ಕಮ್ಮನ ಮನೆಯಲ್ಲಿದ್ದು ಮರಳಿದ್ದ ಕೊರಿನ್ ಪಾಪ್‌ಕಾರ್ನ್ ಕಟ್ಟೆಯ ಬಳಿ ಬಂದು ನಿಂತಳು. ಭಾನುವಾರ ಅವಳಿಗೆ ಶಿಕಾಗೋ ಬಸ್ಸು, ಅಲ್ಲಿ ಕಾಲೇಜು. ಹೋಗಬೇಡವೆಂದು ಅವನು ಗೋಗರೆದು ಸಾಕಾಗಿದ್ದ. ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

"ಒಂದು ಪಂಥ," ಎಂದಳು, ಪಾಪ್‌ಕಾರ್ನ್ ಪೊಟ್ಟಣವನ್ನೇ ನೋಡುತ್ತಾ. "ನಾಳೆಯ ಸಿನಿಮಾದಲ್ಲಿ ಆ ಹುಡುಗಿ ಏನು ಮಾಡ್ತಾಳೋ ನಾನೂ ಅದನ್ನೇ ಮಾಡ್ತೀನಿ. ಆಮೇಲೆ ನೀನು ನನ್ನ ಏನೂ ಕೇಳ್ಬಾರ್ದು. ಆಯ್ತಾ?"

ಹುಡುಗಾಟವೆಂದುಕೊಂಡು ಅವನು ಒಪ್ಪಿದ. ಮರುದಿನ ಮಧ್ಯಾಹ್ನ ಒಬ್ಬನೇ ಕೂತು ರೀಲು ಓಡಿಸಿ ನೋಡಿದ. ತಬ್ಬಿಕೊಂಡ ಮೇಲೂ ಏಳು ನಿಮಿಷ ಬಾಕಿ. ಎಲೆ ಉದುರುವ ಕಾಲ. ಹುಡುಗಿ ಮತ್ತೆ ಬಸ್ಸು ಹತ್ತುತ್ತಾಳೆ, ಈ ಸಲ ಇಳಿಯುವುದಿಲ್ಲ. ಬಂಕಿನ ಹುಡುಗ ಪೈಪು ಹಿಡಿದು ನಿಂತೇ ಇರುತ್ತಾನೆ. ವೆಂಡೆಲ್ ಅಷ್ಟನ್ನೂ ಕತ್ತರಿಸಿ, ಅಪ್ಪುಗೆಗೆ ನೇರವಾಗಿ ಹೆಸರುಗಳ ಪಟ್ಟಿ ಅಂಟಿಸಿದ. ಪ್ರಿಂಟು ವಾಪಸು ಕಳಿಸುವ ಮುನ್ನ ತುಂಡನ್ನು ಮತ್ತೆ ಸೇರಿಸಿದ. ಯಾರಿಗೂ ಸುಳಿವು ಸಿಗಲಿಲ್ಲ.

ಅಂದು ಸಂಜೆ ಹುಡುಗಿಯರೆಲ್ಲ ಅತ್ತರು. ಕೊರಿನ್ ಅಳಲಿಲ್ಲ. ಸೋಪಿನ ಜಾಹೀರಾತಿಗೂ ಕಣ್ಣೊರೆಸಿಕೊಳ್ಳುವವಳು, ಪರದೆಗೆ ಬೆನ್ನು ತಿರುಗಿಸಿ, ಪ್ರೊಜೆಕ್ಟರ್ ಕೋಣೆಯ ಕಿಂಡಿಯನ್ನೇ ದಿಟ್ಟಿಸುತ್ತಾ ನಿಂತಿದ್ದಳು. ಭಾನುವಾರದ ಬಸ್ಸು ಅವಳಿಲ್ಲದೆ ಹೋಯಿತು. ಜನವರಿಯಲ್ಲಿ ಮದುವೆಯಾಯಿತು.

ಅಂದಿನಿಂದ ವೆಂಡೆಲ್‌ಗೆ ನೆಮ್ಮದಿಯೆಂಬುದಿಲ್ಲ. ಕೊರಿನ್ ಈಗ ಕೋಳಿ ಫಾರಮ್ಮಿನಲ್ಲಿ ಮೊಟ್ಟೆ ಪ್ಯಾಕ್ ಮಾಡುತ್ತಾಳೆ. ಶಿಕಾಗೋ ಕಾಲೇಜಿನ ಪತ್ರ ಇನ್ನೂ ಅವಳ ಬಟ್ಟೆಯ ಖಾನೆಯಲ್ಲಿದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ, ಇವಳ ಬದುಕನ್ನು ನಾನು ಕದ್ದೆ ಎಂದುಕೊಳ್ಳುತ್ತಾನೆ.

ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಕೇಕಿಗೆ ಕೆನೆ ಸವರುತ್ತಿದ್ದಳು. ನಾಲ್ಕಕ್ಕೆ ಆರು ಗೆಳತಿಯರು ಬರುವವರಿದ್ದರು, ಎಲ್ಲರೂ ನೀಲಿ ಸ್ಕಾರ್ಫಿನವರೇ. ಟೀವಿಯ ಮೇಲೆ ಹೊಚ್ಚ ಹೊಸ ಕ್ಯಾಸೆಟ್ಟು: 'ಜೂನ್ ತಿಂಗಳ ಬಸ್ಸು'.

"ಚಿಕ್ಕಮ್ಮನಿಗೆ ಹೇಳಿ ಓಮಾಹಾದಿಂದ ತರಿಸ್ಕೊಂಡೆ," ಎಂದಳು. "ಆಲ್ಮಾ ಅಂಗಡೀಲಿ ಸಿಗೋದು ಅನುಮಾನ ಅನ್ನಿಸ್ತು."

ವೆಂಡೆಲ್ ಕುರ್ಚಿಯಲ್ಲಿ ಕುಸಿದ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಕತ್ತರಿ, ಏಳು ನಿಮಿಷ, ಟ್ರಕ್ಕಿನೊಳಗಿನ ಮೂರು ಕ್ಯಾಸೆಟ್ಟು, ಎಲ್ಲವನ್ನೂ ಹೇಳಿಬಿಟ್ಟ. "ಸಿನಿಮಾದಲ್ಲಿ ಅವಳು ಉಳಿಯಲ್ಲ ಕೊರಿನ್, ಹೋಗಿಬಿಡ್ತಾಳೆ. ನಾನು ಮೋಸ ಮಾಡಿ ನಿನ್ನ ಉಳಿಸ್ಕೊಂಡೆ. ಈಗ ಬೇಕಾದ್ರೆ ನೀನೂ ಹೋಗು, ತಡೆಯಲ್ಲ."

ಹೊರಗೆ ಗೆಳತಿಯರ ಕಾರು ಉದ್ದಕ್ಕೂ ಹಾರ್ನ್ ಹೊಡೆಯುತ್ತಾ ಬಂದು ನಿಂತಿತು. ಕೊರಿನ್ ಚಾಕು ತೊಳೆದಿಟ್ಟು, ಕೈ ಒರೆಸಿಕೊಂಡು, ಟೀವಿಯ ರಿಮೋಟನ್ನು ಅವನ ಕೈಗೆ ಕೊಟ್ಟಳು.

"ತಬ್ಬಿಕೊಂಡ ತಕ್ಷಣ ನಿಲ್ಸಿಬಿಡು, ಪಾಪ ಅವರಿಗ್ಯಾಕೆ ಗೊತ್ತಾಗ್ಬೇಕು," ಎಂದಳು. ಆಗ ಅವಳ ಕಣ್ಣು ತುಂಬಿತ್ತು.

"ನಾನು ಇದನ್ನ ಆ ಜುಲೈನಲ್ಲೇ ಓಮಾಹಾದಲ್ಲಿ ನೋಡಿದ್ದೆ ವೆಂಡೆಲ್; ಹೋಗ್ತೀನಿ ಅಂತ ನಿನ್ನ ಮುಖ ನೋಡಿ ಹೇಳೋಕಾಗ್ದೆ ಆ ಪಂಥ ಕಟ್ಟಿದ್ದೆ."