ಜಿನುಗುವ ಪೈಪು

“ಇದಕ್ಕೆ ಟೈಮರ್ ಇದೆ, ಅಕ್ಕ. ಬೆಳಿಗ್ಗೆ ತಾನೇ ಶುರುವಾಗುತ್ತೆ, ತಾನೇ ನಿಲ್ಲುತ್ತೆ. ನೀನು ಹಿತ್ತಿಲಿಗೆ ಕಾಲಿಡೋದೇ ಬೇಡ,” ಎಂದಳು ನೆಲ್ದಾ, ಹನಿ ನೀರಾವರಿಯ ಪೆಟ್ಟಿಗೆಯನ್ನು ಎತ್ತಿ ತೋರಿಸುತ್ತ.

ಓವಾಯೆ ಪಟ್ಟಣದ ಆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿದ ಸ್ಟೂಲಿನ ಮೇಲೆ ಕುಸಿದ ಎರ್ಸಿಲಿಯಾಗೆ ಏಳಲು ಮನಸ್ಸೇ ಇರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಇಬ್ಬರೂ ಪಕ್ಕದ ಮನೆಯವಳಿಗೆ ಒಪ್ಪಿಸಿ ಬಂದಿದ್ದರು. ದಿನವೂ ಎರ್ಸಿಲಿಯಾ ಒಬ್ಬಳೇ ತಾಯಿಯನ್ನು ಎತ್ತುವುದು, ಹೊರಳಿಸುವುದು, ಒರೆಸುವುದು, ಉಣಿಸುವುದು. ಅದಾದ ಮೇಲೆ ಟೊಮೆಟೊ, ಮೆಣಸು, ಕುಂಬಳದ ಬುಡಕ್ಕೆ ಬಕೆಟ್ಟಿನಲ್ಲಿ ನೀರು ಹೊರುವುದು. ಭುಜದ ನೋವು ಮೊಣಕೈಗೂ ಇಳಿದು, ಈಗ ಬಕೆಟ್ ಎತ್ತಲಾಗುತ್ತಿರಲಿಲ್ಲ. ಸಾಂತಿಯಾಗೊದಿಂದ ಬಂದ ತಂಗಿ ಅದನ್ನು ನೋಡಿಯೇ ಇಲ್ಲಿಗೆ ಎಳೆದು ತಂದಿದ್ದಳು.

“ಅದೇನದು, ಕಪ್ಪಗೆ ಸುತ್ತಿಟ್ಟಿದ್ದೀರಲ್ಲ?” ಎರ್ಸಿಲಿಯಾ ಮೂಲೆಯತ್ತ ಕೈ ತೋರಿದಳು.

“ಬೆವರೋ ಪೈಪು, ಸೆನ್ಯೋರಾ,” ಎಂದ ಅಂಗಡಿಯ ವ್ಲದಿಮಿರ್. “ಮೈಯೆಲ್ಲ ಸೂಜಿ ಮೊನೆಯಷ್ಟು ತೂತು. ಗಿಡದ ಬುಡಕ್ಕೆ ಮಲಗಿಸಿ ನಲ್ಲಿ ಚೂರು ತಿರುಗಿಸಿದರೆ ಜಿನುಗ್ತಾ ಇರುತ್ತೆ. ಆದರೆ ಬಲು ನಿಧಾನ. ಆಮೆಗೂ ಆಕಳಿಕೆ ಬರಬೇಕು.”

“ಯಾರಾದರೂ ಹತ್ತಿರ ಇರಬೇಕಾ?”

“ಇರದೆ? ಮಣ್ಣು ನೋಡ್ತಿರಬೇಕು, ಸಾಕಾದಾಗ ನಿಲ್ಲಿಸಬೇಕು. ಈ ಬರಗಾಲದಲ್ಲಿ ನೀರು ಪೋಲು ಮಾಡಿದರೆ ಅಕ್ಕಪಕ್ಕದವರು ಬಿಡ್ತಾರಾ?”

“ಅದನ್ನೇ ಕೊಡಿ.”

“ನಿನಗೇನು ತಲೆ ಕೆಟ್ಟಿದೆಯಾ?” ನೆಲ್ದಾ ಪೆಟ್ಟಿಗೆಯನ್ನು ಕೆಳಗಿಟ್ಟಳು. “ಕೆಲಸ ತಪ್ಪಲಿ ಅಂತ ಬಂದರೆ ಕೆಲಸವನ್ನೇ ಕೊಂಡ್ಕೊಳ್ತಿದ್ದೀಯಲ್ಲೇ!”

“ನಮ್ಮೂರ ನೀರಲ್ಲಿ ಸುಣ್ಣ ಜಾಸ್ತಿ. ಹನಿ ಬೀಳೋ ಬಾಯಿ ಕಟ್ಟಿಕೊಳ್ಳುತ್ತೆ.”

ಸುಣ್ಣ ಇದಕ್ಕೂ ಕಟ್ಟುತ್ತದೆ ಎನ್ನಲು ಬಾಯಿ ತೆರೆದ ವ್ಲದಿಮಿರ್, ಅವಳ ಮುಖ ನೋಡಿ, ಸುಮ್ಮನೆ ಪೈಪನ್ನು ಕಟ್ಟಿಕೊಟ್ಟ.

ಸಂಜೆ ಇಬ್ಬರೂ ಸೇರಿ ಪೈಪನ್ನು ಸಾಲುಗಳ ನಡುವೆ ಹಾಸಿದರು. “ನೀರು ನೀನು ನೋಡ್ಕೋ, ಅಮ್ಮನ್ನ ನಾನು ನೋಡ್ಕೋತೀನಿ,” ಎಂದು ನೆಲ್ದಾ ಸೂಪಿನ ಬಟ್ಟಲು ಹಿಡಿದು ಒಳಗೆ ಹೋದಳು. ಎರ್ಸಿಲಿಯಾ ನಿಂಬೆ ಗಿಡದ ಕೆಳಗೆ ಕಾಲು ಚಾಚಿದಳು. ಕಪ್ಪು ಪೈಪಿನ ಮೈಮೇಲೆ ನೀರು ಮಣಿಮಣಿಯಾಗಿ ಮೂಡಿ, ಸದ್ದಿಲ್ಲದೆ ಮಣ್ಣಿಗಿಳಿಯುತ್ತಿತ್ತು.

“ಎರ್ಸಿಲಿಯಾ! ಕಿಟಕಿ ಮುಚ್ಚು!” ಒಳಗಿನಿಂದ ತಾಯಿಯ ಕೂಗು. “ಎರ್ಸಿಲಿಯಾ, ಕಿಟಕಿ ಯಾಕೆ ಮುಚ್ಚಿದೆ? ಇವಳ್ಯಾರು? ಕಳ್ಳಿ! ಯಾರು ಒಳಗೆ ಬಿಟ್ಟಿದ್ದು ಇವಳನ್ನ?”

“ಅಮ್ಮಾ, ನಾನು ನೆಲ್ದಾ, ನಿನ್ನ ಚಿಕ್ಕ ಮಗಳು...”

“ನೀರು ಬಿಟ್ಟಿದ್ದೀನಿ, ಅಮ್ಮಾ!” ಎರ್ಸಿಲಿಯಾ ಕೂತಲ್ಲಿಂದಲೇ ಕೂಗಿದಳು. ಎಲ್ಲ ಮರೆತ ಮುದುಕಿಗೂ ಈ ಒಂದು ಮಾತು ಅರ್ಥವಾಗುತ್ತಿತ್ತು. ಹಿತ್ತಿಲು ಆ ಮುದುಕಿಯೇ ಕೈಯಾರೆ ಬೆಳೆಸಿದ್ದು. ಗಿಡಕ್ಕೆ ನೀರು ಹಾಕುವವಳನ್ನು ಅವಳು ಯಾವತ್ತೂ ಒಳಗೆ ಕರೆಯುತ್ತಿರಲಿಲ್ಲ. ಇಡೀ ದಿನದಲ್ಲಿ ಎರ್ಸಿಲಿಯಾಳದೇ ಎನ್ನುವ ಹೊತ್ತು ಅದೊಂದೇ.

ಒಳಗೆ ತಂಗಿಯ ದನಿ ಮೊದಲು ಮುದ್ದಾಗಿತ್ತು, ಆಮೇಲೆ ಗಟ್ಟಿಯಾಯಿತು, ಆಮೇಲೆ ಕೇಳಿಸಲೇ ಇಲ್ಲ. ಏನೋ ನೆಲಕ್ಕೆ ಬಿದ್ದ ಸದ್ದು. ಏಳಬೇಕು ಅನ್ನಿಸಿತು ಎರ್ಸಿಲಿಯಾಗೆ. ಮೈ ಏಳಲಿಲ್ಲ.

ಕತ್ತಲಾಗುವ ಹೊತ್ತಿಗೆ ನೆಲ್ದಾ ಹೊರಗೆ ಬಂದಳು. ಕೂದಲು ಕೆದರಿತ್ತು, ರವಿಕೆಯ ಮೇಲೆಲ್ಲ ಸೂಪು. ನಲ್ಲಿಯ ಪಕ್ಕ ನೆಲದ ಮೇಲೆ ಕೂತಳು.

“ನೀರು ಆಯ್ತಾ, ಅಕ್ಕ?”

ಎರ್ಸಿಲಿಯಾ ಮಣ್ಣಿನಲ್ಲಿ ಬೆರಳೂರಿ ನೋಡಿದಳು. “ಆದ ಹಾಗೇ.”

“ಯಾರಾದರೂ ಇದ್ದೀರೇನ್ರೇ?” ಒಳಗಿನಿಂದ ಮುದುಕಿ ಕೂಗಿದಳು.

ನೆಲ್ದಾ ಕೈ ಚಾಚಿ, ನಲ್ಲಿಯನ್ನು ಇನ್ನಷ್ಟು ಸಣ್ಣಗೆ ತಿರುಗಿಸಿ ಕೂಗಿದಳು:

“ನೀರು ಬಿಟ್ಟಿದ್ದೀವಿ, ಅಮ್ಮಾ! ಇನ್ನೂ ಆಗಿಲ್ಲ!”