ಹೆಬ್ಬೆಟ್ಟಿನ ಜಾಗ

ಇಂಕ್ ಪ್ಯಾಡಿಗೆ ಒತ್ತಿದ ಹೆಬ್ಬೆರಳನ್ನು ಹೊನ್ನಯ್ಯ ಕಾಗದದ ಮೇಲೆ ಇಳಿಸಲಿಲ್ಲ. "ಏನ್ ಬರ್ದೈತೆ, ಒಸಿ ಓದವ್ವ," ಅಂದ.

ಗಂಗಾಂಬಿಕೆ ಓದಿದಳು. ತುಮಕೂರಿನ ಕೈದಿಗಳ ನೆರವು ಸಂಘದಲ್ಲಿ ಪ್ರಚಾರದ ಕೆಲಸ ಕಲಿಯಲು ಸೇರಿ ಅವಳಿಗೆ ತಿಂಗಳೂ ತುಂಬಿರಲಿಲ್ಲ. ಬಿಡುಗಡೆಯಾದವರ ಹೆಸರಿನಲ್ಲಿ ಸಂಘದ ಸೈಕ್ಲೋಸ್ಟೈಲ್ ಪತ್ರಿಕೆಗೆ ಒಂದು ಪತ್ರ ಬರೆದು, ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅಲ್ಲಿನ ರೂಢಿ. ನಿನ್ನೆ ಹೊನ್ನಯ್ಯನ ಮುಖವನ್ನೂ ನೋಡದೆ, ಹಳೆಯ ಪತ್ರಗಳನ್ನು ಮುಂದಿಟ್ಟುಕೊಂಡು ಬರೆದಿದ್ದಳು: "ನನ್ನ ತಪ್ಪಿನ ಅರಿವಾಗಿದೆ. ಇನ್ನು ಸನ್ಮಾರ್ಗದಲ್ಲಿ ನಡೆಯುತ್ತೇನೆ." ಚೆನ್ನಾಗಿ ಬಂದಿದೆ ಅಂತ ಹಿಗ್ಗಿದ್ದಳು ಕೂಡ.

"ಯಾವ ತಪ್ಪವ್ವ?" ಹೊನ್ನಯ್ಯ ಮೆಲ್ಲಗೇ ಕೇಳಿದ. "ಅಮೃತೂರಲ್ಲಿ ಪಂಪ್‌ಸೆಟ್ ಕದ್ದೋನು ನಾನಲ್ಲ ಅಂತ ಮೊನ್ನೆ ಜಡ್ಜೇ ಹೇಳವ್ರೆ. ಅಷ್ಟು ಹೇಳಕ್ಕೆ ಮೂರು ವರ್ಸ ಒಳಗಿಟ್ಟಿದ್ರು. ನಮ್ಮವ್ವ ಸತ್ತಾಗ್ಲೂ ಬುಡಲಿಲ್ಲ."

ಕಾರ್ಯದರ್ಶಿ ಅಡವಿಯಪ್ಪ ಕಡತ ತಿರುವುತ್ತಲೇ ಹೇಳಿದರು: "ಒತ್ತಿಸಮ್ಮ. ಎಲ್ರೂ ಒತ್ತಿದಾರೆ. ತಪ್ಪು ಒಪ್ಕೊಂಡೋನ ಮೇಲೇ ಜನಕ್ಕೆ ಕನಿಕರ ಬರೋದು."

ಗಂಗಾಂಬಿಕೆ ತಾನು ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡಳು. ಪೊಲೀಸರು ಹೊರಿಸಿದ್ದನ್ನು ಕೋರ್ಟು ಇಳಿಸಿತ್ತು. ಅದನ್ನೇ ತಾನು ಮುದ್ದಾದ ಅಕ್ಷರದಲ್ಲಿ ಮತ್ತೆ ಹೊರಿಸಿದ್ದಳು. ಸೆರಗಿನ ತುದಿಯಿಂದ ಹೊನ್ನಯ್ಯನ ಬೆರಳಿನ ಮಸಿ ಒರೆಸಿದಳು. ಪತ್ರದಲ್ಲಿ ಅವನ ಹೆಸರನ್ನು ಹೊಡೆದುಹಾಕಿ ತನ್ನ ಹೆಸರು ಬರೆದಳು. ಬಿ.ಎ. ಪಾಸಾದವಳು ತನ್ನ ಹೆಬ್ಬೆರಳನ್ನು ಪ್ಯಾಡಿಗದ್ದಿ ಅದರ ಕೆಳಗೆ ಒತ್ತಿ, ಕಾಗದವನ್ನು ಅಡವಿಯಪ್ಪನವರ ಕಡತದ ಮೇಲಿಟ್ಟಳು.

"ತಪ್ಪು ಮಾಡಿದೋಳೇ ಒತ್ತಿದೀನಿ ಸರ್. ಪಕ್ಕದಲ್ಲಿ ನಿಮಗೂ ಜಾಗ ಇದೆ."